ಮಗ್ಗದ ಮನೆಯಿಂದ ಗಾನಸಭೆಗೆ

ಬೆಳಗಾವಿ ನಗರದ ದಕ್ಷಿಣಕ್ಕೆ ಹೊಂದಿಕೊಂಡಿರುವ ವಡಗಾವಿಯು ನೇಕಾರರ ಊರು. ಶಹಾಪುರ, ಖಾಸಬಾಗಗಳೊಡನೆ ಒಂದೇ ಹಾಸಿನ ಎಳೆಗಳಂತೆ ಬೆರೆತಿರುವ ಇಲ್ಲಿನ ಓಣಿಗಳಲ್ಲಿ ಸೀರೆ ನೇಯುವ ಮಗ್ಗಗಳ ಸದ್ದು ಬೆಳಗಿನಿಂದ ರಾತ್ರಿಯವರೆಗೂ ಅಡಗುವುದಿಲ್ಲ. ಮಳೆಗಾಲದಲ್ಲಿ ಮಂಗಾಯಿ ದೇವಿಯ ಜಾತ್ರೆ ನೆರೆಯುತ್ತದೆ. ಊರ ಹೊರಗಿನ ಗದ್ದೆಗಳಲ್ಲಿ ಬಾಸುಮತಿ ಭತ್ತದ ಸಸಿಗಳು ಹಸುರಾಗುತ್ತವೆ. ಮಗ್ಗಗಳು ಮಾತ್ರ ಋತುಮಾನವನ್ನು ಲೆಕ್ಕಿಸದೆ ತಮ್ಮ ಕಾಯಕವನ್ನು ನಡೆಸಿಕೊಂಡೇ ಹೋಗುತ್ತವೆ. ಇಂಥ ಊರಿನಲ್ಲಿ ಸಂಗೀತಕ್ಕೆ ಮನಸೋತ ನೇಕಾರರೊಬ್ಬರು ಇದ್ದರೆಂದರೆ ಅದರಲ್ಲಿ ಸೋಜಿಗವೇನೂ ಇಲ್ಲ. ಮಗ್ಗಕ್ಕೂ ತಾಳವುಂಟು, ಲಯವುಂಟು. ಆದರೆ ಆ ನೇಕಾರರು ತಮ್ಮ ಮೆಚ್ಚಿನ ಗಾಯಕರನ್ನು ಕಣ್ಣಾರೆ ಕಂಡು ಕಿವಿಯಾರೆ ಕೇಳಲು ಕುಟುಂಬಸಮೇತರಾಗಿ ಧಾರವಾಡಕ್ಕೆ ಹೋದದ್ದು ಬದುಕಿನಲ್ಲಿ ಒಂದೇ ಒಂದು ಸಲ. ಅದು 1988ರ ಶ್ರಾವಣ ಮಾಸ.

ಆ ಗಾಯಕರು ಪಂಡಿತ ಮಲ್ಲಿಕಾರ್ಜುನ ಮನಸೂರರು. ಕಿತ್ತೂರು ಕರ್ನಾಟಕದ ಈ ನೆಲ ಹಿಂದುಸ್ತಾನಿ ಸಂಗೀತಕ್ಕೆ ಎಷ್ಟು ಫಲವತ್ತಾದುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ, ಬಸವರಾಜ ರಾಜಗುರು ಮೊದಲಾದವರ ಹೆಸರುಗಳು ಇಲ್ಲಿ ಮನೆಮಾತು. ಬೆಳಗಾವಿಗೆ ಸಮೀಪದ ಸುಳೇಭಾವಿಯೆಂಬ ಹಳ್ಳಿಯಲ್ಲಿಯೇ 1924ರ ಏಪ್ರಿಲ್ 8ರಂದು ಶಿವಪುತ್ರ ಸಿದ್ಧರಾಮಯ್ಯ ಕೊಂಕಾಳಿಮಠರು ಜನಿಸಿ, ಕುಮಾರ ಗಂಧರ್ವರಾಗಿ ನಾಡಿನಾಚೆಗೂ ಬೆಳಗಿದರು. ಇಷ್ಟು ಜನ ಮಹನೀಯರ ನಡುವೆಯೂ ವಡಗಾವಿಯ ಆ ನೇಕಾರರ ಮನಸ್ಸು ನೆಟ್ಟದ್ದು ಮನಸೂರರ ಮೇಲೆ.

ಧಾರವಾಡದ ಬಳಿಯ ಮನಸೂರು ಗ್ರಾಮದಲ್ಲಿ 1910ರ ಡಿಸೆಂಬರ್ 31ರಂದು ಹುಟ್ಟಿದ ಮಲ್ಲಿಕಾರ್ಜುನರು ಬಾಲ್ಯದಲ್ಲಿಯೇ ನಾಟಕ ಮಂಡಳಿಯನ್ನು ಸೇರಿದವರು. ಮೊದಲು ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತ, ಆಮೇಲೆ ಮಿರಜಿನ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಪದ್ಧತಿಯ ಗಾಯನ, ಕೊನೆಗೆ ಜಯಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾಖಾನರ ಪುತ್ರರಾದ ಮಂಜಿಖಾನರಲ್ಲಿ ಶಿಷ್ಯವೃತ್ತಿ. 1937ರಲ್ಲಿ ಮಂಜಿಖಾನರು ಅಕಾಲದಲ್ಲಿ ತೀರಿಕೊಂಡಾಗ ಅವರ ತಮ್ಮ ಭೂರ್ಜಿಖಾನರಲ್ಲಿ ಅಭ್ಯಾಸವನ್ನು ಮುಂದುವರಿಸಿದರು. ಹೆಸರು ಬಂದ ಮೇಲೆಯೂ ಮತ್ತೆ ಮತ್ತೆ ಶಿಷ್ಯನಾಗಿ ಕುಳಿತ ಈ ವಿನಯವೇ ಅವರ ವಿದ್ಯೆಯ ಗುಟ್ಟು. ಧಾರವಾಡದ ಮುರುಘಾಮಠದ ಮೃತ್ಯುಂಜಯಪ್ಪಗಳಲ್ಲಿ ಅವರಿಗಿದ್ದ ಭಕ್ತಿ ಎಂಥದೆಂದರೆ ಮನೆಗೂ ಆ ಹೆಸರನ್ನೇ ಇಟ್ಟುಕೊಂಡಿದ್ದರು. ರಾಗಗಳ ಗಂಭೀರ ವಿಸ್ತಾರದ ಬಳಿಕ ಶರಣರ ವಚನಗಳನ್ನು ಅವರು ಹಾಡತೊಡಗಿದರೆ, ಸಂಗೀತ ಬಲ್ಲವನೂ ಬಾರದವನೂ ಒಂದೇ ಚಾಪೆಯ ಮೇಲೆ ಕರಗಿ ಕೂಡುತ್ತಿದ್ದರು.

ನೇಕಾರರಿಗೆ ಈ ದನಿ ಪರಿಚಯವಾದದ್ದು ರೇಡಿಯೋದ ಮೂಲಕ. ಧಾರವಾಡ ಆಕಾಶವಾಣಿ ಕೇಂದ್ರವು 1950ರ ಜನವರಿ 8ರಂದು ಆರಂಭವಾದಾಗ ಅವರು ಹತ್ತು ವರ್ಷದ ಹುಡುಗ. ಮಠದ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ವಚನಗಳನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದ ಕಾಲ. ಶಾಲೆ ಬಿಟ್ಟ ಮೇಲೆ ಓಣಿಯ ಹೋಟೆಲಿನ ಮುಂದೆ ನಿಂತು, ಒಳಗಿನ ರೇಡಿಯೋದಿಂದ ತೇಲಿ ಬರುವ ಹಾಡನ್ನು ಕೇಳುತ್ತಿದ್ದರು. ಒಂದು ದಿನ, ತಾವು ಶಾಲೆಯಲ್ಲಿ ಕಲಿತ ವಚನವೇ ರಾಗವನ್ನು ಹೊದ್ದು ಬಂದುದನ್ನು ಕೇಳಿ ಬೆರಗಾದರು. ಮುಂದೆ ಶಾಲೆ ಬಿಡಿಸಿ ಅವರನ್ನು ಮಗ್ಗಕ್ಕೆ ಕೂಡಿಸಲಾಯಿತು. ದುಡಿಮೆಯ ಮೊದಲ ಗಳಿಕೆಯಲ್ಲಿ ಅವರು ಕೊಂಡ ವಸ್ತು ಒಂದು ಟ್ರಾನ್ಸಿಸ್ಟರು. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು, ಲಾಳಿಯನ್ನು ಅತ್ತಿಂದಿತ್ತ ಎಸೆಯುತ್ತ, ಗೂಡಿನಲ್ಲಿಟ್ಟ ಆ ಟ್ರಾನ್ಸಿಸ್ಟರಿಗೆ ಕಿವಿಗೊಟ್ಟು ನೇಯ್ದ ಸೀರೆಗಳಿಗೆ ಲೆಕ್ಕವಿಲ್ಲ. ಕೈಮಗ್ಗದ ಸದ್ದು ಹಾಡಿಗೆ ಅಡ್ಡಬರುತ್ತಿರಲಿಲ್ಲ. ಅದು ತಬಲೆಯಂತೆ ಜೊತೆಗೆ ನಡೆಯುತ್ತಿತ್ತು.

ಕಾಲ ಬದಲಾಯಿತು. ಕೈಮಗ್ಗದ ಸೀರೆಗೆ ಬೆಲೆ ದೊರೆಯದಾಯಿತು. ನೆರೆಹೊರೆಯವರಂತೆ ಅವರೂ ಸಾಲ ಮಾಡಿ ವಿದ್ಯುತ್ ಮಗ್ಗಗಳನ್ನು ಹಾಕಿದರು. ಮನೆಯಲ್ಲಿ ಅನ್ನಕ್ಕೆ ಕೊರತೆಯಾಗಲಿಲ್ಲ, ಮಕ್ಕಳು ಶಾಲೆಗೆ ಹೋದರು. ಆದರೆ ನಾಲ್ಕು ಮಗ್ಗಗಳು ಒಮ್ಮೆಲೆ ಓಡುವ ಕೋಣೆಯಲ್ಲಿ ಪಕ್ಕದವನ ಕೂಗೂ ಕೇಳಿಸದು. ಅಲ್ಲಿ ದುಡಿಯುವವರು ಒಬ್ಬರ ತುಟಿಯನ್ನು ಒಬ್ಬರು ನೋಡಿ ಮಾತನ್ನು ತಿಳಿದುಕೊಳ್ಳುತ್ತಾರೆ. ಹೊಸದಾಗಿ ಬಂದ ಹುಡುಗನೂ ಕೆಲವು ತಿಂಗಳಲ್ಲಿ ಈ ವಿದ್ಯೆಯನ್ನು ಕಲಿತುಬಿಡುತ್ತಾನೆ. ದಿನಕ್ಕೆ ಎಂಟು ತಾಸು 85 ಡೆಸಿಬೆಲ್ಲಿಗೆ ಮೀರಿದ ಸದ್ದಿನಲ್ಲಿ ವರ್ಷಗಟ್ಟಲೆ ಕಳೆದರೆ ಒಳಗಿವಿಯ ಸೂಕ್ಷ್ಮ ಜೀವಕೋಶಗಳು ನಾಶವಾಗುತ್ತವೆ, ಹಾಗೆ ನಾಶವಾದವು ಮತ್ತೆ ಹುಟ್ಟುವುದಿಲ್ಲ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಮೊದಲು ಅಳಿಯುವುದು ಏರು ಶ್ರುತಿಯ ಧ್ವನಿಗಳು. ಸ, ಶ, ತ, ಕಗಳಂಥ ವ್ಯಂಜನಗಳು ಜಾರಿಹೋಗಿ, ಅ, ಆ, ಓ ಎಂಬ ಸ್ವರಗಳು ಬಹುಕಾಲ ಉಳಿಯುತ್ತವೆ. ದನಿ ಬರುತ್ತದೆ, ಮಾತು ಬರುವುದಿಲ್ಲ. ನೇಕಾರರಿಗೆ ಆದದ್ದೂ ಇದೇ. ಹದಿನೈದು ವರ್ಷಗಳಲ್ಲಿ ಮೆಲ್ಲಮೆಲ್ಲನೆ ಆದುದರಿಂದ ಅವರಿಗೇ ಅದು ಬೇಗ ತಿಳಿಯಲಿಲ್ಲ. ತಿಳಿದ ಮೇಲೆ ಯಾರಿಗೂ ಹೇಳಲಿಲ್ಲ. ಕಿವಿ ಮಂದವೆಂದರೆ ಎದುರಾಳಿನ ಸಸಾರ, ವ್ಯಾಪಾರಿಯ ಮುಂದೆ ಸಣ್ಣವನಾಗುವ ಅಂಜಿಕೆ. ಎದುರಿನವರ ತುಟಿಗಳನ್ನು ನೋಡುತ್ತ, ನಗುವ ಕಡೆ ನಗುತ್ತ ದಿನ ನೂಕಿದರು.

ಒಂದು ರಾತ್ರಿ ಊಟವಾದ ಬಳಿಕ ಆಕಾಶವಾಣಿಯಲ್ಲಿ ಮನಸೂರರ ಗಾಯನವೆಂದು ಪ್ರಕಟವಾಯಿತು. ಹನ್ನೆರಡು ವರ್ಷದ ಮಗಳು ರೇಡಿಯೋವನ್ನು ತಂದೆಯ ಹತ್ತಿರ ತಂದಿಟ್ಟಳು. ಗಾಯಕರು ವಚನವನ್ನು ಎತ್ತಿಕೊಂಡರು. ತಂದೆ ರೇಡಿಯೋವನ್ನು ಕಿವಿಗೆ ಒತ್ತಿಕೊಂಡು, ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ ಹೇಳಿದರು: "ಸೆಲ್ ತೀರ್ಯಾವೇನ ನೋಡವಾ. ಮಾತ ತಿಳೀವಲ್ವು."

ಸೆಲ್ಲುಗಳನ್ನು ಹಿಂದಿನ ದಿನವೇ ಹಾಕಲಾಗಿತ್ತು. ಆ ಹಾಡು ಎದುರು ಮನೆಯವರಿಗೂ ಕೇಳಿಸುತ್ತಿತ್ತು. ಹುಡುಗಿ ತಾಯಿಯ ಮುಖವನ್ನು ನೋಡಿದಳು. ಇಬ್ಬರೂ ಮಾತಾಡಲಿಲ್ಲ. ಬಹುದಿನಗಳಿಂದ ಮನೆಯವರೆಲ್ಲರೂ ಬಿಡಿಬಿಡಿಯಾಗಿ ಕಂಡಿದ್ದುದು ಆ ಗಳಿಗೆಯಲ್ಲಿ ಒಟ್ಟಾಗಿ ಅರ್ಥವಾಯಿತು. ಮುಂದೆ ವೈದ್ಯರು ಪರೀಕ್ಷಿಸಿ, ಹೋದದ್ದು ಬಾರದೆಂದೂ, ಇದೇ ಸದ್ದಿನಲ್ಲಿ ಇದ್ದರೆ ಉಳಿದದ್ದೂ ನಿಲ್ಲದೆಂದೂ ಹೇಳಿದರು.

ಅದಾದ ಕೆಲವು ವಾರಗಳಿಗೆ ಧಾರವಾಡದಲ್ಲಿ ಮನಸೂರರ ಕಚೇರಿ ಇದೆಯೆಂಬ ಸುದ್ದಿ ಬಂದಿತು. ಹೋಗಲೇಬೇಕೆಂದು ಹಟ ಹಿಡಿದವರು ಮನೆಯ ಗೃಹಿಣಿ. ಸಂಗೀತದ ಗಂಧವಿಲ್ಲದ ಆ ತಾಯಿ ರಾತ್ರಿಯ ಹೊತ್ತು ಪರರ ಮನೆಗಳಿಗಾಗಿ ಕಂಡಿಕೆ ಸುತ್ತಿಕೊಟ್ಟು ಒಂದಿಷ್ಟು ಹಣವನ್ನು ಕೂಡಿಸಿಟ್ಟಿದ್ದರು. ಹಿರಿಯ ಮಗನಿಗೆ ಇದು ಸರಿಬೀಳಲಿಲ್ಲ. ಗಣೇಶ ಚೌತಿಯೊಳಗೆ ವ್ಯಾಪಾರಿಗೆ ಸೀರೆಗಳನ್ನು ಮುಟ್ಟಿಸಬೇಕಾಗಿತ್ತು. ಒಂದು ದಿನ ಮಗ್ಗ ನಿಂತರೆ ಆಗುವ ನಷ್ಟವನ್ನು ಅವನು ಬೆರಳುಗಳ ಮೇಲೆ ಎಣಿಸಿದನು. ಕೊನೆಗೆ ಮನಸ್ಸಿನೊಳಗಿದ್ದ ಮಾತನ್ನೂ ಆಡಿದನು: "ಕೇಳಸಲಾರದವರನ್ನ ಹಾಡಕಿಗೆ ಕರಕೊಂಡ ಹೋಗಿ ಏನ ಮಾಡೂದೈತಿ, ಅವ್ವಾ?"

ತಾಯಿ ಸುತ್ತುತ್ತಿದ್ದ ಕಂಡಿಕೆಯನ್ನು ಕೆಳಗಿಡದೆಯೇ ಹೇಳಿದರು: "ಕೇಳಸೂತನಕನ ಕರಕೊಂಡ ಹೋಗಬೇಕಪಾ. ಆಮ್ಯಾಲ ಒಯ್ದು ಏನ ಮಾಡೂನು?"

ಮಗನಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಬಾಡಿಗೆ ಕಾರು ಮಾಡುವಷ್ಟು ಅನುಕೂಲ ಆ ಮನೆಗೆ ಇರಲಿಲ್ಲ. ಸೀರೆಯ ಗಂಟುಗಳನ್ನು ಹೇರಿಕೊಂಡು ಹುಬ್ಬಳ್ಳಿಗೆ ಹೋಗುವ ಪರಿಚಯದವರ ಟೆಂಪೊ ಒಂದಿತ್ತು. ಹೋಗುವಾಗ ಧಾರವಾಡದಲ್ಲಿ ಇಳಿಸಿ, ರಾತ್ರಿ ಮರಳುವಾಗ ಹತ್ತಿಸಿಕೊಳ್ಳಲು ಚಾಲಕನು ಒಪ್ಪಿದನು. ಶನಿವಾರ ಮಧ್ಯಾಹ್ನ ಕುಟುಂಬವು ಹೊರಟಿತು. ಎಪ್ಪತ್ತು ದಾಟಿದ ಆಯಿ ಚಾಲಕನ ಪಕ್ಕದಲ್ಲಿ. ಉಳಿದವರು ಹಿಂದೆ, ತಾವೇ ನೇಯ್ದ ಸೀರೆಗಳ ಗಂಟುಗಳ ಮೇಲೆ. ನೇಕಾರರು ಮದುವೆಗೆಂದು ಹೊಲಿಸಿದ್ದ ಕೋಟನ್ನು ತೊಟ್ಟಿದ್ದರು. ಕಿವಿಯ ವಿಷಯವನ್ನು ಯಾರೂ ಎತ್ತಲಿಲ್ಲ.

ಅಂದಿನ ಪುಣೆ-ಬೆಂಗಳೂರು ರಸ್ತೆ ಇಂದಿನ ವಿಶಾಲ ಹೆದ್ದಾರಿಯಲ್ಲ. ಎದುರಿನಿಂದ ಲಾರಿ ಬಂದರೆ ಮಗ್ಗುಲಿಗೆ ಸರಿಯಬೇಕು, ಎತ್ತಿನ ಬಂಡಿ ಬಂದರೆ ಕಾಯಬೇಕು. ಹಲಗಾ ದಾಟಿ, ಹಿರೇಬಾಗೇವಾಡಿಯ ಏರಿಳಿವುಗಳನ್ನು ಹಾಯ್ದು ಮಲಪ್ರಭೆಯ ತಟದ ಎಂ.ಕೆ. ಹುಬ್ಬಳ್ಳಿಗೆ ಬರುವಾಗ ಮೋಡ ಚದರಿ ಎಳೆಬಿಸಿಲು ಬಿದ್ದಿತ್ತು. ಹೊಳೆ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಬಸವಣ್ಣನವರ ಧರ್ಮಪತ್ನಿ ಗಂಗಾಂಬಿಕೆಯ ಐಕ್ಯಸ್ಥಾನಕ್ಕೆ ದಂಡೆಯಿಂದಲೇ ಕೈಮುಗಿದು, ಬುತ್ತಿಯ ಗಂಟನ್ನು ಬಿಚ್ಚಿದರು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು. ವಡಗಾವಿಯ ಎಲ್ಲೆ ದಾಟಿ ಎಲ್ಲರೂ ಒಟ್ಟಿಗೆ ಉಂಡದ್ದು ಯಾವ ವರ್ಷದಲ್ಲೆಂದು ನೆನೆದರೆ ಯಾರಿಗೂ ನೆನಪಾಗಲಿಲ್ಲ. ಕಿತ್ತೂರಿನ ಹತ್ತಿರ ಬಂದಾಗ ಆಯಿ ಹಿಂದಕ್ಕೆ ತಿರುಗಿ ಮೊಮ್ಮಗಳಿಗೆ ಚೆನ್ನಮ್ಮನ ಕಥೆಯನ್ನು ಹೇಳಿದರು. 1824ರಲ್ಲಿ ಇಂಗ್ಲಿಷರ ಸೈನ್ಯವನ್ನು ಎದುರಿಸಿ ನಿಂತ ರಾಣಿಯ ಕಥೆ ಆ ದಾರಿಯಲ್ಲಿ ಎಷ್ಟು ಸಲ ಹೇಳಿದರೂ ಹಳೆಯದಾಗುವುದಿಲ್ಲ.

ತೇಗೂರಿನ ಸಮೀಪದಲ್ಲಿ ಟೆಂಪೊದ ಗಾಲಿ ಪಂಕ್ಚರ್ ಆಯಿತು. ಬದಲಿ ಗಾಲಿಯಲ್ಲಿ ಗಾಳಿ ಸಾಲದು. ಚಾಲಕನು ಗಾಲಿಯನ್ನು ಹೊತ್ತು, ಬಂದ ಲಾರಿಯೊಂದನ್ನು ಹತ್ತಿ ಹೋದನು. ಮಳೆ ಸಣ್ಣಗೆ ಹನಿಯತೊಡಗಿತು. ನೇಕಾರರು ರಸ್ತೆಯ ಅಂಚಿನಲ್ಲಿ ಅತ್ತಿಂದಿತ್ತ ತಿರುಗಾಡುತ್ತ, ಕೈಗಡಿಯಾರವನ್ನು ನೋಡಿ ನೋಡಿ, ಕೊನೆಗೆ ನೋಡುವುದನ್ನೇ ಬಿಟ್ಟರು. ಬೆಳಗಾವಿಯಿಂದ ಧಾರವಾಡಕ್ಕೆ ಸುಮಾರು 75 ಕಿಲೋಮೀಟರು. ಅಂದು ಆ ದೂರವನ್ನು ಕ್ರಮಿಸಲು ಐದು ತಾಸು ಹಿಡಿಯಿತು. ಸಭಾಂಗಣವನ್ನು ಸೇರುವ ಹೊತ್ತಿಗೆ ಜನ ಕಿಕ್ಕಿರಿದು, ಬಾಗಿಲಾಚೆಗೂ ನಿಂತಿದ್ದರು. ಗಾಯನ ಆರಂಭವಾಗಿತ್ತು.

ಬಾಗಿಲ ಬಳಿ ಧ್ವನಿವರ್ಧಕವೊಂದು ಒಡಕು ದನಿಯಲ್ಲಿ ಗರಗರಿಸುತ್ತಿತ್ತು. ನೇಕಾರರು ತಲೆಯನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿದರು. ಮುಖ ಬಾಡಿತು. ಇಷ್ಟು ದೂರ ಬಂದು ಮತ್ತೆ ರೇಡಿಯೋದಂಥದೇ ಗದ್ದಲ ಕೇಳುವುದಾಯಿತು. ಆಗ ಮಗಳು ಜನರ ನಡುವೆ ನುಸುಳಿ, ಬ್ಯಾಡ್ಜು ಧರಿಸಿದ್ದ ಕಾರ್ಯಕರ್ತರೊಬ್ಬರ ಬಳಿಗೆ ಹೋದಳು. "ನಮ್ಮಪ್ಪಗ ಕಿವಿ ಮಂದ ಅದಾವ್ರಿ. ವಡಗಾವಿಯಿಂದ ಬಂದೀವಿ. ಅವರೊಬ್ಬರಿಗೆ ಮುಂದ ಜಾಗಾ ಮಾಡಿ ಕೊಡ್ರಿ, ನಾವ ಇಲ್ಲೇ ನಿಂದರತೀವಿ."

ಆ ಮಾತು ಇಪ್ಪತ್ತು ಹೆಜ್ಜೆ ದೂರದಲ್ಲಿದ್ದ ತಂದೆಗೆ ಕೇಳಿಸುವಂತಿರಲಿಲ್ಲ. ಆದರೆ ಅವರು ಮಗಳ ತುಟಿಗಳನ್ನು ಓದಿಬಿಟ್ಟಿದ್ದರು. ಇಷ್ಟು ವರ್ಷ ಮುಚ್ಚಿಟ್ಟುದು ಅಪರಿಚಿತರ ಮುಂದೆ ಬಯಲಾಯಿತು. ಅವರು ತಲೆತಗ್ಗಿಸಿದರು. ಕಾರ್ಯಕರ್ತರು ಬಂದು ಭುಜವನ್ನು ಮುಟ್ಟಿ, ಜನರನ್ನು ಸರಿಸುತ್ತ ಅವರನ್ನು ವೇದಿಕೆಯ ಬುಡಕ್ಕೆ ಕರೆದೊಯ್ದು, ಜಮಖಾನೆಯ ಮೇಲೆ ಹುಡುಗರ ಸಾಲಿನಲ್ಲಿ ಕೂಡಿಸಿದರು. ಜಾಗ ಮಾಡಿಕೊಟ್ಟವರಾರೂ ಬೇಸರಪಟ್ಟುಕೊಳ್ಳಲಿಲ್ಲ. ಅದು ಧಾರವಾಡದ ಶ್ರೋತೃಗಳ ದೊಡ್ಡತನ.

ಮೇಲೆ, ಕೈಗೆಟುಕುವಷ್ಟು ಹತ್ತಿರದಲ್ಲಿ, ಎಪ್ಪತ್ತೇಳು ವರ್ಷದ ಕೃಶಕಾಯದ ಗಾಯಕರು. ಹಣೆಯ ಮೇಲೆ ವಿಭೂತಿ. ಹಿಂದೆ ತಂಬೂರಿಗಳು. ತಂಬೂರಿಯ ಗುಂಗು ವೇದಿಕೆಯ ಹಲಗೆಯಿಂದ ನೆಲಕ್ಕಿಳಿದು ಕುಳಿತವರ ಮೈಯನ್ನು ಸೇರುತ್ತಿತ್ತು. ಅದಕ್ಕೆ ಕಿವಿಯ ಹಂಗಿರಲಿಲ್ಲ. ಮನಸೂರರ ಘರಾಣೆಯ ಗಾಯನದಲ್ಲಿ ಆಕಾರಕ್ಕೆ ಅಗ್ರಸ್ಥಾನ. 'ಆ' ಎಂಬ ಒಂದೇ ಸ್ವರವನ್ನು ಬಾಯಿ ತುಂಬ ತೆರೆದು, ಉಸಿರು ಮುರಿಯದಂತೆ, ಸ್ವರದಿಂದ ಸ್ವರಕ್ಕೆ ಹೆಣೆಯುತ್ತ ತಾಳದ ಸಮಕ್ಕೆ ತಂದು ನಿಲ್ಲಿಸುವ ಬಗೆ ಅದು. ಹದಿನಾರು ಮಾತ್ರೆಗಳ ಆವರ್ತನವು ಹೊರಟು ಸುತ್ತಿ ಮನೆಗೆ ಬರುವುದನ್ನು ನೇಕಾರರು ಲಾಳಿಯ ಹೋಗಿಬರುವಿಕೆಯಂತೆಯೇ ಕಂಡರು. ಅಂದಿನ ರಾಗ ಯಾವುದೆಂದು ಅವರಿಗೆ ಗೊತ್ತಿರಲಿಲ್ಲ, ಮುಂದೆಯೂ ಗೊತ್ತಾಗಲಿಲ್ಲ. ಆದರೆ ಅದರಲ್ಲಿ ಅವರ ಕಿವಿಗೆ ತಪ್ಪಿಹೋಗುವಂಥದು ಏನೂ ಇರಲಿಲ್ಲ. ಮಗ್ಗಗಳು ಕಸಿದುಕೊಳ್ಳದೆ ಬಿಟ್ಟಿದ್ದ ಸ್ವರಗಳಿಂದಲೇ ಆ ಸಂಗೀತ ಕಟ್ಟಲ್ಪಟ್ಟಿತ್ತು.

ಬಾಗಿಲಲ್ಲಿ ನಿಂತ ಹಿರಿಯ ಮಗನಿಗೆ ಗಾಯನಕ್ಕಿಂತ ಬೇರೊಂದು ದೃಶ್ಯ ಕಾಣಿಸಿತು. ಗಾಯಕರ ಹಿಂದೆ ಅವರ ಪುತ್ರ ರಾಜಶೇಖರ ಮನಸೂರರು ಕುಳಿತು ದನಿಗೂಡಿಸುತ್ತಿದ್ದರು. ತಂದೆ ಎಲ್ಲಿ ಉಸಿರಿಗೆ ನಿಲ್ಲುವರೋ ಅಲ್ಲಿ ಮಗ ಎತ್ತಿಕೊಳ್ಳುತ್ತಿದ್ದರು; ತಂದೆ ಮತ್ತೆ ಆರಂಭಿಸಿದೊಡನೆ ಹಿಂದೆ ಸರಿಯುತ್ತಿದ್ದರು. ಹುಡುಗನು ಅದನ್ನು ನೋಡಿದನು. ಅನಂತರ ವೇದಿಕೆಯ ಬುಡದಲ್ಲಿ ಕುಳಿತಿದ್ದ ತನ್ನ ತಂದೆಯ ಬೆನ್ನನ್ನು ನೋಡಿದನು.

ಕಚೇರಿಯ ಕೊನೆಗೆ ಮನಸೂರರು ವಚನವನ್ನು ಎತ್ತಿಕೊಂಡರು. ಈಗ ಮಾತು ಬಂದಿತ್ತು. ಮಾತೆಂದರೆ ನೇಕಾರರಿಗೆ ಸೋರಿಹೋಗುವ ವ್ಯಂಜನಗಳು. ಆದರೆ ಅವರು ಹತ್ತಿರದಲ್ಲಿದ್ದರು. ಗಾಯಕರ ತುಟಿಗಳು ಅವರ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಹದಿನೈದು ವರ್ಷ ಮಗ್ಗದ ಕೋಣೆಯಲ್ಲಿ ಕಲಿತ ವಿದ್ಯೆ ಆಗ ನೆರವಿಗೆ ಬಂದಿತು. ಸ್ವರ ಕಿವಿಯಿಂದ, ವ್ಯಂಜನ ಕಣ್ಣಿನಿಂದ ಬಂದು ಒಳಗೆ ಕೂಡಿಕೊಂಡವು. ಎರಡಕ್ಕೂ ಸಿಗದೆ ಉಳಿದುದನ್ನು ಮಠದ ಶಾಲೆಯ ಬೆಳಗಿನ ಪ್ರಾರ್ಥನೆಯ ನೆನಪು ತುಂಬಿಕೊಟ್ಟಿತು. ಸ್ವಲ್ಪ ಹೊತ್ತಿಗೆ ಅವರ ತುಟಿಗಳೂ ಅಲುಗತೊಡಗಿದವು. ಕಣ್ಣೀರನ್ನು ಒರೆಸಿಕೊಳ್ಳಲು ಅವರು ಕೈಯೆತ್ತಲಿಲ್ಲ. ಒಂದು ಗಳಿಗೆ ಕಣ್ಣು ಮರೆಯಾದರೂ ಮಾತು ತಪ್ಪಿಹೋಗುತ್ತಿತ್ತು.

ರಾತ್ರಿ ಟೆಂಪೊ ಖಾಲಿಯಾಗಿ ಬಂದಿತು. ಧಾರವಾಡ ಪೇಡೆಯ ಪೊಟ್ಟಣವೊಂದನ್ನು ಕೊಂಡು ಎಲ್ಲರೂ ಹತ್ತಿದರು. ಗಂಟುಗಳಿಲ್ಲದ ಬರಿ ಹಲಗೆಯ ಮೇಲೆ ಕಂಬಳಿ ಹಾಸಿಕೊಂಡು ಕುಳಿತ ಕುಟುಂಬಕ್ಕೆ ಕಿತ್ತೂರಿನವರೆಗೂ ಮಾತೇ ಹೊರಡಲಿಲ್ಲ. ಆಮೇಲೆ ನೇಕಾರರು, ತಮ್ಮಷ್ಟಕ್ಕೆ ತಾವು ಎಂಬಂತೆ, ತುಸು ಗಟ್ಟಿಯಾಗಿಯೇ ಹೇಳಿದರು: "ಇಷ್ಟ ವರ್ಷ ರೇಡಿಯೋದಾಗ ದನಿ ಅಷ್ಟ ಬರತಿತ್ತು. ಇವತ್ತ ಮಾತೂ ಬಂದ್ವು." ಕಿವಿಯ ಸಂಗತಿಯನ್ನು ಅವರು ಮನೆಯವರ ಮುಂದೆ ತಾವಾಗಿ ಒಪ್ಪಿಕೊಂಡದ್ದು ಅದೇ ಮೊದಲು. ಕತ್ತಲೆಯಲ್ಲಿ ಯಾರ ಮುಖವೂ ಯಾರಿಗೂ ಕಾಣುತ್ತಿರಲಿಲ್ಲ. ಉತ್ತರ ಕೊಟ್ಟರೆ ತಂದೆಗೆ ತಿಳಿಯುವಂತಿರಲಿಲ್ಲವಾದ್ದರಿಂದ, ಹಿರಿಯ ಮಗನು ಕೈಚಾಚಿ ಅವರ ಕೈಯನ್ನು ಹಿಡಿದುಕೊಂಡನು.

ಮರುವಾರ ಆ ಮಗನೇ ಎಲ್ಲರ ಕಿವಿಗಳಿಗೂ ರಬ್ಬರಿನ ಬೆಣೆಗಳನ್ನು ತಂದನು. ಮಗ್ಗದ ಕೋಣೆಯ ಕೆಲಸವನ್ನು ತಾನು ವಹಿಸಿಕೊಂಡು, ಹಾಸು ಹೂಡುವ, ಬಣ್ಣ ಆರಿಸುವ, ಸೀರೆ ಮಡಿಸುವ ಕೆಲಸಗಳನ್ನು ತಂದೆಗೆ ಬಿಟ್ಟನು. ಓಣಿಯವರು ಮೊದಲು ನಕ್ಕರು. ಅನಂತರ ಒಬ್ಬೊಬ್ಬರಾಗಿ ಬಂದು, ಆ ಬೆಣೆಗಳು ಎಲ್ಲಿ ದೊರೆಯುತ್ತವೆಂದು ಕೇಳಿದರು. ಗೃಹಿಣಿ ಕೂಡಿಸಿದ್ದ ಹಣವೆಲ್ಲ ಒಂದು ದಿನದಲ್ಲಿ ವೆಚ್ಚವಾಗಿತ್ತು. ಸೀರೆಗಳು ವ್ಯಾಪಾರಿಗೆ ಎರಡು ದಿನ ತಡವಾಗಿ ಮುಟ್ಟಿದವು. ಅದರಿಂದಾದ ನಷ್ಟದ ಲೆಕ್ಕವನ್ನು ಮನೆಯಲ್ಲಿ ಮತ್ತೆ ಯಾರೂ ತೆಗೆಯಲಿಲ್ಲ.

1992 ಸಂಗೀತಪ್ರಿಯರ ಪಾಲಿಗೆ ಕಠಿಣವಾದ ವರ್ಷ. ಜನವರಿ 12ರಂದು ದೂರದ ದೇವಾಸದಲ್ಲಿ ಸುಳೇಭಾವಿಯ ಕುಮಾರ ಗಂಧರ್ವರು ಅಗಲಿದರು. ಅದೇ ವರ್ಷ ಪದ್ಮವಿಭೂಷಣ ಪುರಸ್ಕಾರಕ್ಕೆ ಪಾತ್ರರಾದ ಮಲ್ಲಿಕಾರ್ಜುನ ಮನಸೂರರು ಸೆಪ್ಟೆಂಬರ್ 12ರಂದು ಲಿಂಗೈಕ್ಯರಾದರು. ವಾರ್ತೆಯನ್ನು ಕೇಳಿದ ಮಗಳು ತಂದೆಯ ಮುಂದೆ ಬಂದು ನಿಂತಳು. ಆಗ ಅವರ ಕಿವಿಗೆ ಮನೆಯ ಮಾತೂ ಸರಿಯಾಗಿ ನಿಲುಕುತ್ತಿರಲಿಲ್ಲ. ಅವಳು ದನಿಯೆತ್ತದೆ, ತುಟಿಗಳಿಂದಲೇ ಸುದ್ದಿಯನ್ನು ಹೇಳಿದಳು. ಅವರು ಕೈಯಲ್ಲಿದ್ದ ನೂಲನ್ನು ಪಕ್ಕಕ್ಕಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತರು. ಆಮೇಲೆ ಅಂದು ಧಾರವಾಡದಲ್ಲಿ ಕೇಳಿದ ವಚನವನ್ನು ಮೆಲುದನಿಯಲ್ಲಿ ಹೇಳತೊಡಗಿದರು. ಶ್ರುತಿ ಅತ್ತಿತ್ತ ಸರಿಯುತ್ತಿತ್ತು. ಒಂದು ಅಕ್ಷರವೂ ತಪ್ಪಲಿಲ್ಲ.

ಎಳೆಯರಿಗೆ ಅರ್ಥ ತಿಳಿಯದ ವಚನಗಳನ್ನು ಬಾಯಿಪಾಠ ಮಾಡಿಸುವುದರಿಂದ ಏನು ಪ್ರಯೋಜನವೆಂದು ಕೇಳುವವರುಂಟು. ಬೆಳಗಿನ ಚಳಿಯಲ್ಲಿ ಸಾಲಾಗಿ ನಿಲ್ಲಿಸಿ, ಒಂದೊಂದು ಅಕ್ಷರವನ್ನೂ ತಿದ್ದಿದ ಗುರುಗಳು ತಾವು ಕೊಡುತ್ತಿರುವುದು ಯಾವ ಕಾಲಕ್ಕೆ ಒದಗುವ ಬುತ್ತಿಯೆಂದು ತಿಳಿದಿದ್ದರೋ ಇಲ್ಲವೋ. ವಡಗಾವಿಯ ಆ ನೇಕಾರರಿಗೆ ಅದು ನಾಲ್ಕು ದಶಕಗಳ ಬಳಿಕ, ಕಿವಿಗಳು ಕೈಬಿಡುವ ಹೊತ್ತಿನಲ್ಲಿ ಒದಗಿತು.